ಆಲ್ಬಂ ಮನೆಯದು, ಬೀಗದ ಕೈ ಯಾರದು?

ಒಂದು ಕಾಲಕ್ಕೆ ಮನೆಯ ಫೋಟೊಗಳಿಗೆ ಒಂದೇ ವಿಳಾಸ: ಉಕ್ಕಿನ ಬೀರು. ರೇಷ್ಮೆ ಸೀರೆಗಳ ಕೆಳಗೆ, ನುಸಿಗುಳಿಗೆಯ ವಾಸನೆ ಹೊತ್ತ ಆಲ್ಬಂ. ಮದುವೆ, ನಾಮಕರಣ, ಶಾಲೆಯ ಗ್ರೂಪ್ ಫೋಟೊ ಎಲ್ಲವೂ ಅದರಲ್ಲೇ. ನೆಂಟರು ಬಂದಾಗ ಅಮ್ಮ ಬೀಗ ತೆಗೆದು ತೋರಿಸುತ್ತಿದ್ದಳು. ಯಾರಿಗೆ ತೋರಿಸಬೇಕು, ಯಾವ ಪುಟವನ್ನು ಬೇಗ ಮಗುಚಬೇಕು ಎಂಬುದೂ ಅವಳಿಗೆ ಗೊತ್ತಿತ್ತು. ಬೀಗದ ಕೈ ಅವಳ ಸೊಂಟದಲ್ಲಿತ್ತು.

ಇಂದು ಅದೇ ಮನೆಯಲ್ಲಿ ಮಗುವಿನ ಒಂದು ಹುಟ್ಟುಹಬ್ಬಕ್ಕೆ ಇನ್ನೂರು ಫೋಟೊ. ತೆಗೆದ ಸ್ವಲ್ಪ ಹೊತ್ತಿಗೇ ಅವು ಮೊಬೈಲಿನಿಂದ ಹೊರಟು ದೂರದ ಯಾವುದೋ ಕಟ್ಟಡವನ್ನು ಸೇರಿರುತ್ತವೆ. ಆ ಕಟ್ಟಡ ಯಾವ ದೇಶದಲ್ಲಿದೆ? ಅದರ ಬೀಗದ ಕೈ ಯಾರ ಬಳಿ ಇದೆ? ಕೇಳಿದರೆ ಮನೆಯವರೆಲ್ಲ ಮುಖ ಮುಖ ನೋಡಿಕೊಳ್ಳುತ್ತಾರೆ!

ಮೋಡವಲ್ಲ, ಬಾಡಿಗೆ ಕೋಣೆ

'ಕ್ಲೌಡ್' ಎಂಬ ಹೆಸರು ಕೇಳಿ ಚಿತ್ರಗಳು ಆಕಾಶದಲ್ಲಿ ತೇಲುತ್ತಿವೆ ಎಂದುಕೊಳ್ಳಬೇಕಿಲ್ಲ. ಅದು ಬೇರೊಬ್ಬರ ಕಂಪ್ಯೂಟರ್, ಅಷ್ಟೆ. ಅಲ್ಲಿನ ನಿಯಮವೂ ಅವರದೇ.

2015ರಲ್ಲಿ ಗೂಗಲ್ ಫೋಟೋಸ್ ಆರಂಭವಾದಾಗ, ಗಾತ್ರ ತುಸು ಕುಗ್ಗಿಸಿದ ಫೋಟೊಗಳನ್ನು ಎಷ್ಟು ಬೇಕಾದರೂ ಉಚಿತವಾಗಿ ಇಡಬಹುದಿತ್ತು. ಪುಕ್ಕಟೆ ಸಿಕ್ಕರೆ ನನಗೊಂದು ನಮ್ಮಪ್ಪನಿಗೊಂದು ಎಂಬ ಗಾದೆಯಂತೆ ಜನ ತುಂಬಿದ್ದೇ ತುಂಬಿದ್ದು. 2021ರ ಜೂನ್ 1ರಿಂದ ನಿಯಮ ಬದಲಾಯಿತು. ಹೊಸ ಫೋಟೊಗಳು 15 ಜಿಬಿಯ ಮಿತಿಗೆ ಒಳಪಟ್ಟವು. ಅದರಲ್ಲೇ ಜಿಮೇಲ್ ಪತ್ರಗಳಿಗೂ ಪಾಲು. ಫೋಟೊ ಒಂದಕ್ಕೆ 3 ಎಂಬಿ ಎಂದು ಹಿಡಿದರೆ 5,000 ಫೋಟೊಗಳಿಗೆ ಕೋಣೆ ಭರ್ತಿ. ಆಮೇಲೆ ಬಾಡಿಗೆ ಕೊಡಬೇಕು.

ಬಾಡಿಗೆ ಕೇಳುವುದು ತಪ್ಪೇನಲ್ಲ. ಆದರೆ ಮಾಲೀಕ ಮನೆಯನ್ನೇ ಮುಚ್ಚಿದರೆ? ಭಾರತದ ಕಾಲೇಜು ಹುಡುಗರು ಮುಗಿಬಿದ್ದಿದ್ದ ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಬಾಗಿಲು ಹಾಕಿತು. ಅಮೆರಿಕದ ಮೈಸ್ಪೇಸ್‌ನದು ಇನ್ನೂ ದೊಡ್ಡ ಪೆಟ್ಟು. ಸರ್ವರ್ ಬದಲಿಸುವಾಗ, 2003ರಿಂದ 2015ರವರೆಗೆ ಜನ ಹಾಕಿದ್ದ ಹಾಡುಗಳು ಕಳೆದುಹೋದವೆಂದು 2019ರಲ್ಲಿ ಆ ಸಂಸ್ಥೆ ಒಪ್ಪಿಕೊಂಡಿತು. ಬೇರೆ ಪ್ರತಿ ಇಟ್ಟುಕೊಳ್ಳದ ಗಾಯಕರ ಪಾಲಿಗೆ ಹನ್ನೆರಡು ವರ್ಷಗಳ ಹಾಡು ಅಲ್ಲಿಗೇ ಮುಗಿದಂತಾಯಿತು.

ಅಪ್ಪನೊಬ್ಬನ ಸಾಹಸ

ಹಾಗಾದರೆ ಬೀರುವನ್ನು ಮತ್ತೆ ಮನೆಗೆ ತರಲು ಸಾಧ್ಯವೇ? ಸಾಧ್ಯ ಎಂದು ತೋರಿಸಿದವರಲ್ಲಿ ಅಮೆರಿಕದ ಅಲೆಕ್ಸ್ ಟ್ರಾನ್ ಒಬ್ಬರು. ಮನೆಗೆ ಪುಟ್ಟ ಮಗು ಬಂದಿತ್ತು. ಫೋಟೊಗಳ ರಾಶಿ ಬೆಳೆಯುತ್ತಿತ್ತು. ಅದನ್ನು ಇಡುವ ಬಾಡಿಗೆಯೂ ಏರುತ್ತಿತ್ತು. ಇದಕ್ಕೊಂದು ತಂತ್ರಾಂಶವನ್ನು ನೀವೇ ಏಕೆ ಬರೆಯಬಾರದು ಎಂದು ಪತ್ನಿ ಕೇಳಿದ್ದೇ ನೆಪವಾಯಿತು. 2022ರಲ್ಲಿ 'ಇಮಿಚ್' ಹೊರಬಂತು. ಅದರ ಮೂಲ ಸಂಕೇತ ಎಲ್ಲರಿಗೂ ತೆರೆದದ್ದು. ಹೀಗಾಗಿ ಹಲವು ದೇಶಗಳ ಪ್ರೋಗ್ರಾಮರ್‌ಗಳು ಕೈಜೋಡಿಸಿದರು.

ಇದರ ಕೆಲಸ ಸರಳ. ಮನೆಯ ಮೂಲೆಯಲ್ಲಿ ಒಂದು ಕಂಪ್ಯೂಟರ್, ಅದಕ್ಕೊಂದು ದೊಡ್ಡ ಹಾರ್ಡ್ ಡಿಸ್ಕ್. ಫೋಟೊ ತೆಗೆದ ಮೊಬೈಲು ಮನೆಯ ವೈಫೈ ವ್ಯಾಪ್ತಿಗೆ ಬಂದಾಗ ಚಿತ್ರಗಳು ತಾವಾಗಿಯೇ ಅದರಲ್ಲಿ ಇಳಿಯುತ್ತವೆ. ಅಜ್ಜಿಯ ಮುಖ ಇರುವ ಫೋಟೊಗಳನ್ನೆಲ್ಲ ಹುಡುಕಿ ಒಂದೆಡೆ ಇಡುವ ಕೆಲಸವೂ ಆ ಯಂತ್ರದಲ್ಲೇ ನಡೆಯುತ್ತದೆ. ಅಜ್ಜಿಯ ಮುಖ ಹೊಸಿಲು ದಾಟಬೇಕಿಲ್ಲ! ಸಿನಿಮಾ, ಸಂಗೀತಕ್ಕೆ 'ಜೆಲ್ಲಿಫಿನ್', ಕಡತಗಳಿಗೆ 'ನೆಕ್ಸ್ಟ್‌ಕ್ಲೌಡ್' ಎಂಬ ಇಂಥವೇ ಉಚಿತ ತಂತ್ರಾಂಶಗಳಿವೆ.

ಖರ್ಚು? ಸುಸ್ಥಿತಿಯಲ್ಲಿರುವ ಹಳೆಯ ಲ್ಯಾಪ್‌ಟಾಪ್ ಸಾಕಾಗಬಹುದು. 1 ಟಿಬಿ ಡಿಸ್ಕಿನಲ್ಲಿ 3 ಎಂಬಿಯ ಮೂರು ಲಕ್ಷಕ್ಕೂ ಹೆಚ್ಚು ಫೋಟೊ ಹಿಡಿಸುತ್ತವೆ. 10 ವಾಟ್ ಎಳೆಯುವ ಪುಟ್ಟ ಯಂತ್ರ ಹಗಲಿರುಳೂ ಓಡಿದರೆ ತಿಂಗಳಿಗೆ ಸುಮಾರು 7 ಯೂನಿಟ್ ವಿದ್ಯುತ್. ಪಿಯುಸಿ ಓದುವ ಹುಡುಗಿಗೆ ಲಿನಕ್ಸ್, ನೆಟ್‌ವರ್ಕ್ ಕಲಿಯಲು ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಬೇಕೆ?

ಬೀಗದ ಕೈ ಬಂತು, ಕಾವಲೂ ಬಂತು

ಆದರೆ ತಾಳಿ. ಹಾರ್ಡ್ ಡಿಸ್ಕ್ ಕೆಡದ ವಸ್ತುವೇನಲ್ಲ. ಸಿಡಿಲು, ಕಳ್ಳ, ಮಳೆಗಾಲದ ನೀರು, ಅವಸರದಲ್ಲಿ ಒತ್ತಿದ 'ಡಿಲೀಟ್', ಒಂದೊಂದೂ ಸಾಕು. ದೊಡ್ಡ ಸಂಸ್ಥೆಗಳಲ್ಲಿ ಇದನ್ನು ನೋಡಿಕೊಳ್ಳಲು ಪಾಳಿಯ ಮೇಲೆ ಎಂಜಿನಿಯರ್‌ಗಳಿರುತ್ತಾರೆ. ಮನೆಯಲ್ಲಿ ಆ ಪಾಳಿ ಮನೆಯವರದೇ. 'ಇಮಿಚ್' ತಯಾರಕರೇ, ಫೋಟೊಗಳನ್ನು ಇದೊಂದರಲ್ಲೇ ಇಟ್ಟು ಕೂರಬೇಡಿ ಎಂದು ಎಚ್ಚರಿಸುತ್ತಾರೆ!

ತಿಳಿದವರು ಹೇಳುವ ಸೂತ್ರ 3-2-1. ಅಂದರೆ, ಮೂರು ಪ್ರತಿ; ಎರಡು ಬಗೆಯ ಸಾಧನಗಳಲ್ಲಿ; ಒಂದು ಪ್ರತಿ ಮನೆಯಿಂದ ಹೊರಗೆ. ಮೊಬೈಲಿನಲ್ಲಿ ಒಂದು, ಮನೆಯ ಯಂತ್ರದಲ್ಲಿ ಒಂದು, ಊರಿನ ಅಜ್ಜಿಯ ಮನೆಯಲ್ಲಿ ಒಂದು ಡಿಸ್ಕ್. ದಸರಾ ರಜೆಗೂ ಬೇಸಿಗೆ ರಜೆಗೂ ಊರಿಗೆ ಹೋದಾಗ ಹೊಸ ಪ್ರತಿ ಇಟ್ಟು ಹಳೆಯದನ್ನು ತಂದರಾಯಿತು.

ಇನ್ನೊಂದು ಅಪಾಯ ಹೊರಗಿನಿಂದ ಬರುವುದು. 2016ರಲ್ಲಿ 'ಮಿರಾಯ್' ಎಂಬ ಕುತಂತ್ರಾಂಶ, ಕಾರ್ಖಾನೆಯಲ್ಲಿ ಕೊಟ್ಟ ಪಾಸ್‌ವರ್ಡ್ ಬದಲಿಸದೆ ಬಿಟ್ಟಿದ್ದ ಕ್ಯಾಮೆರಾ, ರೌಟರ್‌ಗಳನ್ನು ಲಕ್ಷಗಟ್ಟಲೆ ವಶಪಡಿಸಿಕೊಂಡಿತು. ಆದ್ದರಿಂದ ಹೊಸಬರು ಯಂತ್ರವನ್ನು ಮನೆಯ ವೈಫೈಗಷ್ಟೇ ಸೀಮಿತವಾಗಿಡುವುದು ಕ್ಷೇಮ. ಪಾಸ್‌ವರ್ಡ್ ಬದಲಿಸುವುದು, ತಂತ್ರಾಂಶದ ಹೊಸ ಆವೃತ್ತಿ ಹಾಕುವುದು ಎರಡನ್ನೂ ಮರೆಯಬಾರದು.

ಟಾರ್ಚಿಗೇಕೆ ಮನೆಯ ವಿಳಾಸ?

ಸರ್ವರ್ ಇಡಲು ಎಲ್ಲರಿಗೂ ಆಗದು. ಆದರೆ ಒಳ್ಳೆಯ ತಂತ್ರಾಂಶ ಆರಿಸುವುದು ಎಲ್ಲರ ಕೈಲೂ ಆಗುವಂಥದು. ಮೊದಲ ಪ್ರಶ್ನೆ: ತನ್ನ ಕೆಲಸಕ್ಕೆ ಬೇಡದ್ದನ್ನು ಅದು ಕೇಳುತ್ತಿದೆಯೇ? ಬೆಳಕು ಕೊಡುವುದಷ್ಟೇ ಕೆಲಸವಾಗಿದ್ದ ಟಾರ್ಚ್ ಆ್ಯಪ್ ಒಂದು, ಬಳಸುವವರು ಎಲ್ಲಿದ್ದಾರೆಂಬ ವಿವರವನ್ನು ಜಾಹೀರಾತು ಜಾಲಗಳಿಗೆ ದಾಟಿಸುತ್ತಿತ್ತೆಂದು 2013ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆರೋಪ ಹೊರಿಸಿತ್ತು.

ಎರಡನೆಯದು: ಇದಕ್ಕೆ ಹಣ ಎಲ್ಲಿಂದ? ಚಂದಾ, ದೇಣಿಗೆ, ಜಾಹೀರಾತು, ಯಾವುದೆಂದು ತಿಳಿದರೆ ಅರ್ಧ ಉತ್ತರ ಸಿಕ್ಕಂತೆ. ಮೂರನೆಯದು: ಬಿಟ್ಟು ಹೋಗುವಾಗ ನಮ್ಮ ಸಾಮಾನು ಕೊಂಡೊಯ್ಯಬಹುದೇ?

ಬೇಡದ್ದನ್ನು ಕೂಡಿಡದವರಿಂದ ಕಸಿದುಕೊಳ್ಳಲು ಏನೂ ಇರುವುದಿಲ್ಲ. ದೇಣಿಗೆಯಲ್ಲಿ ನಡೆಯುವ 'ಸಿಗ್ನಲ್' ಇದಕ್ಕೆ ಸಾಕ್ಷಿ. 2016ರಲ್ಲಿ ಅಮೆರಿಕದಲ್ಲಿ ನ್ಯಾಯಾಂಗದ ಆದೇಶ ಬಂದಾಗ, ಖಾತೆ ತೆರೆದ ದಿನ ಮತ್ತು ಕೊನೆಯ ಬಾರಿ ಸಂಪರ್ಕಕ್ಕೆ ಬಂದ ದಿನ, ಇವೆರಡು ಬಿಟ್ಟು ಕೊಡಲು ಅದರ ಬಳಿ ಬೇರೇನೂ ಇರಲಿಲ್ಲ. ಕಿತ್ತಳೆ ಬಣ್ಣದ ಶಂಕುವಿನ ಗುರುತಿನ ವಿಎಲ್‌ಸಿ ಪ್ಲೇಯರ್ ಕೂಡ ಜಾಹೀರಾತಿಲ್ಲದ ತಂತ್ರಾಂಶವೇ. 1996ರಲ್ಲಿ ಪ್ಯಾರಿಸ್ಸಿನ ಎಂಜಿನಿಯರಿಂಗ್ ಕಾಲೇಜೊಂದರ ವಿದ್ಯಾರ್ಥಿಗಳ ಪ್ರಾಜೆಕ್ಟ್ ಆಗಿ ಶುರುವಾದದ್ದು ಅದು.

ಮಗುವನ್ನು ಕೇಳಿದಿರಾ?

ಮುಚ್ಚಿಡುವಂಥದು ಏನೂ ಇಲ್ಲದವರಿಗೆ ಈ ಗೊಡವೆ ಏಕೆ ಎನ್ನುವವರಿದ್ದಾರೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರಿಗೂ ಮುಚ್ಚಿಡುವಂಥದು ಏನಿತ್ತು? ಆದರೂ 2012ರಲ್ಲಿ, 86ರ ವಯಸ್ಸಿನಲ್ಲಿ, ಆಧಾರ್ ಕುರಿತು ಅವರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಆ ಪ್ರಕರಣದಲ್ಲೇ 2017ರ ಆಗಸ್ಟ್ 24ರಂದು, ಖಾಸಗಿತನವು ಮೂಲಭೂತ ಹಕ್ಕು ಎಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಸಾರಿತು.

ಆ ಹಕ್ಕು ಮಕ್ಕಳಿಗೂ ಇದೆ. 18 ವರ್ಷದೊಳಗಿನವರ ಮಾಹಿತಿಯನ್ನು ಸಂಸ್ಥೆಗಳು ಬಳಸಲು ಪಾಲಕರ ಒಪ್ಪಿಗೆ ಬೇಕೆಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಹೇಳುತ್ತದೆ. ಆದರೆ ಪಾಲಕರೇ ಹಂಚಿಬಿಟ್ಟರೆ? ಮಗು ಅತ್ತದ್ದು, ಬಿದ್ದದ್ದು, ಸ್ನಾನ ಮಾಡಿದ್ದು ಎಲ್ಲವೂ ಬಂಧುಗಳ ಗುಂಪಿನಿಂದ ಗುಂಪಿಗೆ ಹೋಗುತ್ತವೆ. ಮೂಲ ಕಡತವನ್ನೇ ಕಳುಹಿಸಿದರಂತೂ, ಫೋಟೊ ತೆಗೆದ ದಿನ, ಗಳಿಗೆ, ಕೆಲವೊಮ್ಮೆ ತೆಗೆದ ಜಾಗವೂ ಅದರೊಳಗೇ ಅಡಗಿರುತ್ತದೆ. ಹದಿನೈದರ ಮಗಳು, ತನ್ನ ಫೋಟೊ ಹಾಕುವ ಮುನ್ನ ಒಂದು ಮಾತು ಕೇಳಬಾರದಿತ್ತೇ ಎಂದರೆ ಅಪ್ಪನ ಬಳಿ ಉತ್ತರವಿರುವುದಿಲ್ಲ.

ಆರಂಭಕ್ಕೆ ಸರ್ವರ್ ಕೊಳ್ಳಲು ಓಡಬೇಕಿಲ್ಲ. ಬರುವ ಭಾನುವಾರ ಅಪ್ಪ, ಅಮ್ಮ, ಮಕ್ಕಳು ಒಟ್ಟಿಗೆ ಕೂತು, ಕ್ಲೌಡಿನಲ್ಲಿರುವ ಫೋಟೊಗಳ ಒಂದು ಪ್ರತಿಯನ್ನು ಡಿಸ್ಕಿಗೆ ಇಳಿಸಿಕೊಳ್ಳಲಿ. ಗೂಗಲ್ ಬಳಸುವವರಿಗೆ 'ಟೇಕೌಟ್' ಎಂಬ ಸೌಲಭ್ಯವೇ ಇದೆ. ಇಳಿಸಿದ ಮೇಲೆ ಹತ್ತು ಫೋಟೊಗಳನ್ನಾದರೂ ತೆರೆದು, ಸರಿಯಾಗಿವೆಯೇ ಎಂದು ನೋಡಲಿ. ನೋಡುತ್ತಾ ಕೂತರೆ ಹತ್ತು ನೂರಾಗಿ, ಮಧ್ಯಾಹ್ನದ ಊಟ ತಡವಾದೀತು. ಬೀರುವಿನ ಆಲ್ಬಂ ತೆಗೆದ ದಿನಗಳಲ್ಲೂ ಹಾಗೇ ಆಗುತ್ತಿತ್ತು.