ಆ ನಾಲ್ಕು ನಿಮಿಷ ಎಲ್ಲಿ ಹೋಗುತ್ತಿತ್ತು?

ಜಿಟಿಎ ಆನ್‌ಲೈನ್ ಆಡಿದವರಿಗೆಲ್ಲ ಆ ಮೋಡಗಳ ಪರಿಚಯ ಇದೆ. ಆಟಕ್ಕೆ ಸೇರಲು ಗುಂಡಿ ಒತ್ತಿದರೆ ಪರದೆ ತುಂಬ ಮೋಡ, ಕೆಳಗೆ ಮೂಲೆಯಲ್ಲಿ ಸುತ್ತುತ್ತಲೇ ಇರುವ ಪುಟ್ಟ ಚಕ್ರ. ಮೂರು ನಿಮಿಷ, ನಾಲ್ಕು ನಿಮಿಷ, ಕೆಲವರಿಗೆ ಆರು. 2013ರ ಅಕ್ಟೋಬರ್ 1ರಂದು ಶುರುವಾದ ಈ ಆಟ ಪಿಸಿಗೆ ಬಂದದ್ದು 2015ರ ಏಪ್ರಿಲ್‌ನಲ್ಲಿ. ಅಲ್ಲಿಂದ 2021ರವರೆಗೆ ಪಿಸಿ ಆಟಗಾರರು ಕೇಳುತ್ತಲೇ ಬಂದ ಪ್ರಶ್ನೆ ಒಂದೇ: ಲೋಡ್ ಆಗುವುದಕ್ಕೆ ಇಷ್ಟು ಹೊತ್ತು ಯಾಕೆ? ಈ ನಡುವೆ ತಯಾರಕರಾದ ರಾಕ್‌ಸ್ಟಾರ್ ಗೇಮ್ಸ್ ಹೊಸ ಕಾರು ಕೊಟ್ಟಿತು, ಹೊಸ ಬಟ್ಟೆ ಕೊಟ್ಟಿತು, ಹೊಸ ಹೊಸ ದರೋಡೆಗಳ ಕತೆ ಸೇರಿಸಿತು. ಮೋಡ ಮಾತ್ರ ಕದಲಲಿಲ್ಲ.

ಉತ್ತರ ಬಾರದ ಪ್ರಶ್ನೆಗೆ ಜನ ತಾವೇ ಉತ್ತರ ಕಟ್ಟಿಕೊಳ್ಳುತ್ತಾರೆ. ಆಟ ಅಷ್ಟು ದೊಡ್ಡದು, ಹೊತ್ತು ಹಿಡಿಯದೆ ಇರುತ್ತದೆಯೇ ಎಂದರು ಕೆಲವರು. ಆಟಗಾರರ ಕಂಪ್ಯೂಟರುಗಳು ಒಂದಕ್ಕೊಂದು ನೇರವಾಗಿ ಜೋಡಿಸಿಕೊಳ್ಳುತ್ತವೆ, ಆ ವ್ಯವಸ್ಥೆಯೇ ಕಳಪೆ ಎಂದು ಇನ್ನು ಕೆಲವರು. ಮೊದಲು ಒಬ್ಬರೇ ಆಡುವ ಸ್ಟೋರಿ ಮೋಡ್‌ಗೆ ಹೋಗಿ, ಅಲ್ಲಿಂದ ಆನ್‌ಲೈನ್‌ಗೆ ದಾಟಿದರೆ ಬೇಗ ಆಗುತ್ತದೆ ಎಂಬ ಉಪಾಯ ಬಾಯಿಂದ ಬಾಯಿಗೆ ಹರಡಿತು. ಇದ್ದಬದ್ದ ಉಪಾಯಗಳನ್ನೆಲ್ಲ ಒಟ್ಟು ಮಾಡಿದರೂ ಉಳಿಯುತ್ತಿದ್ದದ್ದು ಹತ್ತರಿಂದ ಮೂವತ್ತು ಸೆಕೆಂಡು. ಈ ಆಟಗಾರರ ಬಗ್ಗೆ ನನಗೆ ನಿಜಕ್ಕೂ ಕನಿಕರ. ಅವರು ಹೇಳುತ್ತಿದ್ದ ನೋವಿನಲ್ಲಿ ಸುಳ್ಳು ಒಂದಿಷ್ಟೂ ಇರಲಿಲ್ಲ. ಆದರೆ ಮುಚ್ಚಿದ ಕೋಡ್‌ನ ಹೊರಗೆ ನಿಂತವರಿಗೆ ನೋವು ಗೊತ್ತಾಗುತ್ತದೆಯೇ ಹೊರತು ಅದರ ಜಾಗ ಗೊತ್ತಾಗುವುದಿಲ್ಲ.

ಜಾಗ ಕಂಡುಹಿಡಿದವನು ಅವರಲ್ಲೇ ಒಬ್ಬ. ಲೋಕಕ್ಕೆ ಅವನು ಗೊತ್ತಿರುವುದು ಟೋಸ್ಟ್ ಎಂಬ ಅಡ್ಡಹೆಸರಿನಿಂದ. ಕೆಲವು ವರ್ಷ ಬಿಟ್ಟು, ಹೊಸ ದರೋಡೆಗಳನ್ನು ಮುಗಿಸೋಣವೆಂದು ಮತ್ತೆ ಆಟ ತೆರೆದ. ಲೋಡಿಂಗ್ ಹಿಂದಿನಷ್ಟೇ ನಿಧಾನ. ಅವನ ಹತ್ತಿರ ಇದ್ದದ್ದು ಎಎಂಡಿ ಕಂಪನಿಯ ಹಳೆಯ ಪ್ರೊಸೆಸರ್. ಸ್ಟೋರಿ ಮೋಡ್ ಒಂದು ನಿಮಿಷ ಹತ್ತು ಸೆಕೆಂಡಿನಲ್ಲಿ ತೆರೆಯುತ್ತಿತ್ತು. ಆನ್‌ಲೈನ್‌ಗೆ ಸುಮಾರು ಆರು ನಿಮಿಷ ಬೇಕಾಗುತ್ತಿತ್ತು. ಊರು ಅದೇ, ರಸ್ತೆ ಅದೇ, ಕಟ್ಟಡ ಅದೇ. ಹಾಗಿದ್ದರೆ ಹೆಚ್ಚಿನ ಹೊತ್ತು ಯಾವ ಕೆಲಸಕ್ಕೆ?

ಅವನು ಮೊದಲು ನೋಡಿದ್ದು ಪ್ರತಿ ವಿಂಡೋಸ್ ಕಂಪ್ಯೂಟರಿನಲ್ಲೂ ಇರುವ ಟಾಸ್ಕ್ ಮ್ಯಾನೇಜರನ್ನು. ಸುಳಿವು ಸಿಕ್ಕಿದ್ದೂ ಅಲ್ಲೇ. ಮೊದಲ ಒಂದು ನಿಮಿಷ ಎಲ್ಲ ಭಾಗಗಳೂ ದುಡಿಯುತ್ತವೆ. ಆಮೇಲೆ ಡಿಸ್ಕ್ ಸುಮ್ಮನಾಗುತ್ತದೆ, ನೆಟ್‌ವರ್ಕ್ ಸುಮ್ಮನಾಗುತ್ತದೆ, ಗ್ರಾಫಿಕ್ಸ್ ಕಾರ್ಡ್‌ಗೂ ಕೆಲಸ ಇಲ್ಲ. ಪ್ರೊಸೆಸರಿನ ಒಂದೇ ಒಂದು ಕೋರ್ ಮಾತ್ರ ನಾಲ್ಕು ನಿಮಿಷ ಎಡೆಬಿಡದೆ ಓಡುತ್ತದೆ. ಇಂಟರ್ನೆಟ್ ನಿಧಾನ ಎಂಬ ವಾದ ಅಲ್ಲಿಗೆ ಬಿತ್ತು. ಡಿಸ್ಕ್ ಹಳೆಯದು ಎಂಬುದೂ ಬಿತ್ತು. ಆಟ ಯಾರಿಗೂ ಕಾಯುತ್ತಿರಲಿಲ್ಲ, ತನ್ನೊಳಗೇ ಏನನ್ನೋ ಲೆಕ್ಕ ಹಾಕುತ್ತಿತ್ತು.

ಏನನ್ನು? ಮೂಲ ಕೋಡ್ ಆಗ ರಾಕ್‌ಸ್ಟಾರ್ ಬಳಿ ಮಾತ್ರ ಇತ್ತು. ಹೊರಗಿನವರ ಕೈಗೆ ಬರುವುದು ಯಂತ್ರಕ್ಕೆ ತಿಳಿಯುವ ರೂಪ. ಅದನ್ನೂ ಯಾರೂ ಓದಬಾರದೆಂದು ಬೇಕೆಂತಲೇ ಗೋಜಲು ಮಾಡಿರುತ್ತಾರೆ. ಓಡುತ್ತಿರುವ ಪ್ರೋಗ್ರಾಂ ಅನ್ನು ಆಗಾಗ ಇಣುಕಿ, ಈ ಕ್ಷಣ ಯಾವ ಸಾಲಿನಲ್ಲಿದೆ ಎಂದು ಗುರುತು ಹಾಕಿಕೊಳ್ಳುವ ಒಂದು ಉಪಕರಣ ಅವನ ನೆರವಿಗೆ ಬಂತು. ಸಾಕಷ್ಟು ಬಾರಿ ಇಣುಕಿದರೆ ಹೊತ್ತೆಲ್ಲ ಎಲ್ಲಿ ಸುರಿದುಹೋಗುತ್ತಿದೆ ಎಂಬುದು ತಾನಾಗಿ ಕಾಣುತ್ತದೆ. ಕಂಡದ್ದು ಎರಡೇ ಎರಡು ಜಾಗ. ಆಟ ಓಡುತ್ತಿರುವಾಗಲೇ ಮೆಮೊರಿಯಲ್ಲಿದ್ದ ಕೋಡ್‌ನ ನಕಲು ತೆಗೆದುಕೊಂಡು, ಆ ಎರಡು ಜಾಗಗಳನ್ನು ಬಿಡಿಸಿ ಓದಲು ಕೂತ.

ಮೊದಲ ಜಾಗದಲ್ಲಿ ಇದ್ದದ್ದು 10 ಎಂಬಿ ಗಾತ್ರದ ಒಂದು ಪಠ್ಯ. ಆಟದೊಳಗಿನ ಹಣ ಕೊಟ್ಟು ಕೊಳ್ಳಬಹುದಾದ ವಸ್ತುಗಳ ಪಟ್ಟಿ, ಸುಮಾರು 63,000 ನಮೂದುಗಳು. 10 ಎಂಬಿ ಓದಲು ಇಂದಿನ ಕಂಪ್ಯೂಟರಿಗೆ ಕ್ಷಣ ಸಾಕು. ಆದರೆ ಪಟ್ಟಿಯಿಂದ ಒಂದೊಂದು ತುಣುಕು ಎತ್ತಿಕೊಳ್ಳಲು ಬಳಸಿದ್ದ ಎಸ್‌ಸ್ಕ್ಯಾನ್‌ಎಫ್ ಎಂಬ ಸಿ ಭಾಷೆಯ ಹಳೆಯ ಫಂಕ್ಷನ್‌ಗೆ ಒಂದು ಅಭ್ಯಾಸ ಇತ್ತು: ಕರೆದಾಗಲೆಲ್ಲ, ಮುಂದೆ ಇನ್ನೆಷ್ಟು ಅಕ್ಷರ ಉಳಿದಿದೆ ಎಂದು ಕೊನೆಯವರೆಗೂ ಎಣಿಸುವುದು. ಪುಸ್ತಕದ ಒಂದು ಪದ ಓದುವ ಮೊದಲು ಕೊನೆಯ ಪುಟದವರೆಗಿನ ಅಕ್ಷರಗಳನ್ನೆಲ್ಲ ಎಣಿಸಿ, ಮುಂದಿನ ಪದಕ್ಕೆ ಬಂದಾಗ ಮತ್ತೆ ಎಣಿಸಿದ ಹಾಗೆ. ಫಂಕ್ಷನ್ ಒಳಗೆ ಹೀಗೆ ನಡೆಯುತ್ತದೆ ಎಂಬುದು ಬಹಳಷ್ಟು ಪ್ರೋಗ್ರಾಮರುಗಳಿಗೂ ಗೊತ್ತಿರಲಿಲ್ಲ. ಆದ್ದರಿಂದ ಆ ಸಾಲನ್ನು ಬರೆದ ವ್ಯಕ್ತಿಯನ್ನು ಬಯ್ಯಲು ನನಗೆ ಮನಸ್ಸಾಗುವುದಿಲ್ಲ.

ಎರಡನೆಯ ಜಾಗದ ತಪ್ಪು ಇನ್ನೂ ಸರಳ. ಓದಿದ ಪ್ರತಿ ವಸ್ತುವನ್ನು ಸಂಗ್ರಹಕ್ಕೆ ಸೇರಿಸುವ ಮುನ್ನ, ಅದು ಆಗಲೇ ಸೇರಿದೆಯೇ ಎಂದು ಹಿಂದಿನ ಅಷ್ಟೂ ವಸ್ತುಗಳ ಜೊತೆ ಒಂದೊಂದಾಗಿ ಹೋಲಿಸಲಾಗುತ್ತಿತ್ತು. ಮೊದಲನೆಯದಕ್ಕೆ ಇದು ಏನೂ ಅಲ್ಲ. 63,000ನೆಯದಕ್ಕೆ 63,000 ಹೋಲಿಕೆ. ಒಟ್ಟು ಕೂಡಿದರೆ ಸುಮಾರು 198 ಕೋಟಿ. ಪಟ್ಟಿ ಇಮ್ಮಡಿಯಾದರೆ ಕೆಲಸ ನಾಲ್ಕು ಪಟ್ಟಾಗುವ ಬಗೆ ಇದು. ಪ್ರತಿ ಅಪ್‌ಡೇಟ್‌ನಲ್ಲೂ ಹೊಸ ವಸ್ತುಗಳು ಬರುವ ಆಟದಲ್ಲಿ ಇಂಥ ಲೆಕ್ಕ ಸದ್ದಿಲ್ಲದೆ ಉಬ್ಬುತ್ತದೆ. ಪಟ್ಟಿಯಲ್ಲಿ ಯಾವ ವಸ್ತುವೂ ಎರಡು ಸಲ ಇರಲಿಲ್ಲ, ಆದ್ದರಿಂದ ಹೋಲಿಸುವ ಅಗತ್ಯವೇ ಇರಲಿಲ್ಲ.

ಕಾರಣ ಗೊತ್ತಾಯಿತು ಎಂದಷ್ಟೇ ಹೇಳಿದ್ದರೆ ಅದೂ ಮತ್ತೊಂದು ಊಹೆ ಎನಿಸಿಕೊಳ್ಳುತ್ತಿತ್ತು. ಟೋಸ್ಟ್ ಅಲ್ಲಿಗೆ ನಿಲ್ಲಲಿಲ್ಲ. ಎಣಿಸಿದ ಉದ್ದವನ್ನು ನೆನಪಿಟ್ಟುಕೊಂಡು ಮುಂದಿನ ಸಲ ಅದನ್ನೇ ಹೇಳುವ, ಹೋಲಿಕೆಯನ್ನು ಬಿಟ್ಟು ವಸ್ತುವನ್ನು ನೇರ ಸೇರಿಸುವ ಒಂದು ಸಣ್ಣ ತೇಪೆ ಬರೆದು, ಓಡುತ್ತಿರುವ ಆಟಕ್ಕೆ ಹಚ್ಚಿದ. ಎರಡನ್ನೂ ಬೇರೆ ಬೇರೆಯಾಗಿ ಅಳೆದ. ಹೋಲಿಕೆಯ ತೇಪೆ ಮಾತ್ರ ಹಚ್ಚಿದರೆ ಆರು ನಿಮಿಷ ನಾಲ್ಕೂವರೆಗೆ ಇಳಿಯಿತು. ಓದುವ ಭಾಗದ ತೇಪೆ ಮಾತ್ರ ಹಚ್ಚಿದರೆ ಎರಡು ನಿಮಿಷ ಐವತ್ತು ಸೆಕೆಂಡು. ಎರಡೂ ಸೇರಿದಾಗ ಒಂದು ನಿಮಿಷ ಐವತ್ತು ಸೆಕೆಂಡು. ನೂರಕ್ಕೆ ಹತ್ತಿರಹತ್ತಿರ ಎಪ್ಪತ್ತು ಪಾಲು ಉಳಿತಾಯ, ಅದೂ ಅದೇ ಹಳೆಯ ಪ್ರೊಸೆಸರಿನಲ್ಲಿ.

2021ರ ಫೆಬ್ರವರಿ 28ರಂದು ಅವನು ಇಡೀ ಹುಡುಕಾಟವನ್ನು ಹೆಜ್ಜೆ ಹೆಜ್ಜೆಯಾಗಿ ಬರೆದು, ತೇಪೆಯ ಕೋಡ್ ಸಮೇತ ಎಲ್ಲರ ಮುಂದೆ ಇಟ್ಟ. ಇದನ್ನು ಸರಿಪಡಿಸಲು ಒಬ್ಬ ಡೆವಲಪರ್‌ಗೆ ಒಂದು ದಿನಕ್ಕಿಂತ ಹೆಚ್ಚು ಬೇಡ ಎಂಬುದು ಅವನ ಅಂದಾಜು. ಮಾರ್ಚ್ ನಡುವಿನ ಹೊತ್ತಿಗೆ ರಾಕ್‌ಸ್ಟಾರ್ ಮಾತಾಡಿತು. ಪರಿಶೀಲಿಸಿದ್ದೇವೆ, ಪಿಸಿ ಆವೃತ್ತಿಯ ಲೋಡಿಂಗ್‌ನಲ್ಲಿ ಸುಧಾರಿಸಬಹುದಾದ ಭಾಗವನ್ನು ಈ ಆಟಗಾರ ತೋರಿಸಿಕೊಟ್ಟದ್ದು ನಿಜ ಎಂದು ಅವನ ಅಡ್ಡಹೆಸರು ಹಿಡಿದೇ ಒಪ್ಪಿಕೊಂಡಿತು. ಮಾರ್ಚ್ 16ರ ಅಪ್‌ಡೇಟ್‌ನಲ್ಲಿ ತಿದ್ದುಪಡಿ ಬಂತು. ವರ್ಷಗಟ್ಟಲೆ ಕದಲದ ಮೋಡ ಹದಿನೈದು ದಿನದ ಆಸುಪಾಸಿನಲ್ಲಿ ಕದಲಿತು.

ದೊಡ್ಡ ಕಂಪನಿಯೊಂದು ಹೊರಗಿನವನ ಹೆಸರು ಹೇಳಿ ಒಪ್ಪಿಕೊಳ್ಳುವುದು ಸಣ್ಣ ಮಾತಲ್ಲ, ಆ ಗೌರವ ರಾಕ್‌ಸ್ಟಾರ್‌ಗೆ ಸಲ್ಲಬೇಕು. ಆದರೆ ನನ್ನನ್ನು ಕಾಡುವುದು ಅದಕ್ಕೂ ಹಿಂದಿನ ವರ್ಷಗಳು. ಅಷ್ಟೊತ್ತಿಗೆ, ಈ ಆನ್‌ಲೈನ್ ಆಟವನ್ನು ಒಳಗೊಂಡ ಜಿಟಿಎ 5 ಮಾರಾಟವಾಗಿದ್ದದ್ದು 14 ಕೋಟಿ ಪ್ರತಿ. ದೂರು ಹೇಳಿದವರ ಸಂಖ್ಯೆಗೆ ಕೊರತೆ ಇರಲಿಲ್ಲ. ಟಾಸ್ಕ್ ಮ್ಯಾನೇಜರ್ ಅವರೆಲ್ಲರ ಕಂಪ್ಯೂಟರಿನಲ್ಲೂ ಇತ್ತು, ತಯಾರಕರ ಕಂಪ್ಯೂಟರಿನಲ್ಲೂ ಇತ್ತು. ‘ನಿಧಾನ’ ಎಂಬ ದೂರು ಸಾವಿರ ಬಾಯಲ್ಲಿ ಬಂದರೂ ಯಾವ ಸಾಲನ್ನು ತಿದ್ದಬೇಕು ಎಂದು ಅದು ಹೇಳುವುದಿಲ್ಲ, ಒಪ್ಪುತ್ತೇನೆ. ಆ ಸಾಲನ್ನು ಹುಡುಕುವ ಹೊಣೆ ಮಾತ್ರ ಕೋಡ್ ಕೈಯಲ್ಲಿದ್ದವರದು. ದುಡ್ಡು ಕೊಟ್ಟು ಕೊಂಡವನು ಬೀಗ ಹಾಕಿದ ಪ್ರೋಗ್ರಾಂ ಅನ್ನು ಬಿಚ್ಚಿ, ರೋಗವನ್ನೂ ಮದ್ದನ್ನೂ ಜೊತೆಗೆ ತಂದು ಒಪ್ಪಿಸಿದ ಮೇಲೆ ಮಾತ್ರ ಅವನ ಮಾತು ಕೇಳುತ್ತದೆ ಎಂದಾದರೆ, ಅಷ್ಟು ಕಲಿಯದ ಉಳಿದ ಲಕ್ಷಾಂತರ ಆಟಗಾರರ ಮಾತಿಗೆ ಎಲ್ಲಿ ಜಾಗ? ಈ ಪ್ರಶ್ನೆ ನಮ್ಮೂರಿಗೆ ದೂರದ್ದೂ ಅಲ್ಲ. ರಾಕ್‌ಸ್ಟಾರ್‌ಗೆ ಬೆಂಗಳೂರಿನಲ್ಲೂ ಸ್ಟುಡಿಯೊ ಇದೆ. ರಾಜೇಶ್ ರಾವ್ 1997ರಲ್ಲಿ ಇಲ್ಲಿ ಕಟ್ಟಿದ ಧ್ರುವ ಇಂಟರಾಕ್ಟಿವ್ ಎಂಬ ಗೇಮ್ ಕಂಪನಿ ಕೂಡ 2019ರಲ್ಲಿ ಅದೇ ಕಂಪನಿಯ ಪಾಲಾಯಿತು.

ಟೋಸ್ಟ್‌ಗೆ ಕಂಪನಿ 10,000 ಡಾಲರ್ ಬಹುಮಾನ ಕೊಟ್ಟಿತು. ಆ ಹಣ ಬಂದದ್ದು ಬಗ್ ಬೌಂಟಿ ಎಂಬ ಯೋಜನೆಯಿಂದ. ಹ್ಯಾಕರುಗಳು ನುಸುಳಬಹುದಾದ ಭದ್ರತಾ ಲೋಪಗಳನ್ನು ತೋರಿಸಿಕೊಟ್ಟವರಿಗೆಂದು ಇರುವ ಯೋಜನೆ ಅದು. ಲೋಡಿಂಗ್ ತಡವಾಗುವುದು ಭದ್ರತೆಯ ಲೋಪವಲ್ಲವಾದ್ದರಿಂದ ಇವನದನ್ನು ವಿಶೇಷ ಪ್ರಕರಣ ಎಂದು ಪರಿಗಣಿಸಬೇಕಾಯಿತು. ಆಟಗಾರನ ಹೊತ್ತು ಹಾಳಾಗುತ್ತಿದೆ ಎಂದು ತೋರಿಸಿಕೊಟ್ಟವನಿಗೆ ಬೇರೆ ಬಾಗಿಲು ಇರಲಿಲ್ಲ.

ಅವನ ಬರಹ ಓದಿದ ಪ್ರೋಗ್ರಾಮರುಗಳು ತಮ್ಮ ತಮ್ಮ ಕೋಡ್ ತೆರೆದು ಎಸ್‌ಸ್ಕ್ಯಾನ್‌ಎಫ್ ಎಲ್ಲಿ ಬಳಸಿದ್ದೇವೆ ಎಂದು ಹುಡುಕತೊಡಗಿದರು. ಅವರಲ್ಲೊಬ್ಬ ಮೂರು ಆಯಾಮದ ಮಾದರಿಗಳ ಕಡತ ಓದುವ ಪ್ರೋಗ್ರಾಂ ಬರೆದಿದ್ದ, ಅದು ವೇಗವಾಗಿರಬೇಕೆಂಬುದೇ ಅವನ ಆಸೆಯಾಗಿತ್ತು. ಅದರಲ್ಲೂ ಅದೇ ತಪ್ಪು ಸಿಕ್ಕಿತು. ತಿದ್ದಿ, ತಾನೂ ಅದನ್ನು ಎಲ್ಲರಿಗೂ ಕಾಣುವಂತೆ ಬರೆದಿಟ್ಟ.