ಹೊಟ್ಟೆಯ ಮೇಲೆ ಬ್ಯಾಗ್, ಕೈಯಲ್ಲಿ ಡಂಬೆಲ್

ತುಂಬಿದ ನೀರಿನ ಕ್ಯಾನ್ 20 ಕೆ.ಜಿ. ತೂಗುತ್ತದೆ. ಅಡುಗೆ ಅನಿಲದ ಸಿಲಿಂಡರ್ ಹತ್ತಿರ ಹತ್ತಿರ 30. ಅಂಗಡಿಯಿಂದ ತರುವ ಅಕ್ಕಿ ಮೂಟೆ 25. ಎರಡು ವರ್ಷದ ಮಗುವೂ ಹತ್ತು ಹನ್ನೆರಡು ಕೆ.ಜಿ.ಗೆ ಕಡಿಮೆಯಿಲ್ಲ, ಅದು ಎತ್ತಿಕೊಳ್ಳಲೇಬೇಕೆಂದು ಹಟ ಹಿಡಿದರಂತೂ ಕೇಳುವುದೇ ಬೇಡ. ಸ್ಟೋಮಾ ಶಸ್ತ್ರಚಿಕಿತ್ಸೆ ಮುಗಿಸಿ ಮನೆಗೆ ಹೊರಟವರ ಕೈಗೆ ಸಿಗುವ ಸೂಚನೆ ಮಾತ್ರ ಬಹಳ ಸಲ ಒಂದೇ ಸಾಲಿನದು: ಭಾರ ಎತ್ತಬೇಡಿ. ಎಷ್ಟು ಭಾರ, ಎಷ್ಟು ದಿನ, ಯಾಕೆ ಎಂಬ ವಿವರ ಅದರಲ್ಲಿ ಇರುವುದಿಲ್ಲ. ಗಡುವಿಲ್ಲದ ಆ ಮಾತನ್ನು ರೋಗಿ ಜೀವನಪರ್ಯಂತ ಪಾಲಿಸಲು ಹೊರಡುತ್ತಾನೆ. ಮೊದಲು ಜಿಮ್ ಬಿಡುತ್ತಾನೆ, ಆಮೇಲೆ ಮನೆಕೆಲಸ, ಆಮೇಲೆ ಮೆಟ್ಟಿಲು. ವರ್ಷ ಕಳೆಯುವಷ್ಟರಲ್ಲಿ ಕಾಲು, ಬೆನ್ನು, ಹೊಟ್ಟೆ ಮೂರೂ ಸೊರಗಿರುತ್ತವೆ. ಒಂದು ದಿನ ನೀರಿನ ಕ್ಯಾನ್ ಎತ್ತಲು ಬೇರೆ ಯಾರೂ ಇರುವುದಿಲ್ಲ.

ಸ್ಟೋಮಾ ಎಂದರೆ ಹೊಟ್ಟೆಯ ಗೋಡೆಯಲ್ಲಿ ಒಂದು ತೂತು ಮಾಡಿ, ಅದರ ಮೂಲಕ ಕರುಳಿನ ತುದಿಯನ್ನು ಹೊರಕ್ಕೆ ತಂದು ಚರ್ಮಕ್ಕೆ ಹೊಲಿಯುವುದು. ದೊಡ್ಡ ಕರುಳನ್ನು ತಂದರೆ ಕೊಲೊಸ್ಟಮಿ, ಸಣ್ಣ ಕರುಳನ್ನು ತಂದರೆ ಇಲಿಯೊಸ್ಟಮಿ, ಮೂತ್ರಕ್ಕೆ ದಾರಿ ಮಾಡಿದರೆ ಯುರೊಸ್ಟಮಿ. ಕರುಳು ಅಥವಾ ಗುದನಾಳದ ಕ್ಯಾನ್ಸರ್, ಅಲ್ಸರೇಟಿವ್ ಕೊಲೈಟಿಸ್, ಕ್ರೋನ್ಸ್ ಕಾಯಿಲೆ, ಕರುಳು ತೂತಾಗುವುದು, ಅಪಘಾತ, ಹೀಗೆ ಕಾರಣಗಳು ಹಲವು. ಕೆಲವರಿಗೆ ಇದು ಕೆಲವು ತಿಂಗಳ ಮಟ್ಟಿಗೆ, ಕೆಲವರಿಗೆ ಜೀವನ ಪೂರ್ತಿ. ಹೊರಬಂದ ತುದಿ ಕೆಂಪಗೆ, ಒದ್ದೆಯಾಗಿ, ಬಾಯಿಯ ಒಳಚರ್ಮದಂತೆ ಕಾಣುತ್ತದೆ. ಮುಟ್ಟಿದರೆ ನೋವಾಗುವುದಿಲ್ಲ, ಆದರೆ ಉಜ್ಜಿದರೆ ರಕ್ತ ಜಿನುಗುತ್ತದೆ. ಅದರ ಸುತ್ತ ಅಂಟಿಸಿದ ಬ್ಯಾಗಿನಲ್ಲಿ ಮಲ ಅಥವಾ ಮೂತ್ರ ತಾನಾಗಿ ಬಂದು ತುಂಬುತ್ತದೆ. ತಡೆದು ಹಿಡಿಯುವ ಸ್ನಾಯು ಅಲ್ಲಿಲ್ಲ.

ವ್ಯಾಯಾಮದ ಪ್ರಶ್ನೆ ಏಳುವುದು ಆ ತೂತಿನಿಂದ. ಶಸ್ತ್ರಚಿಕಿತ್ಸಕರು ಸಾಮಾನ್ಯವಾಗಿ ಕರುಳನ್ನು ಹೊಕ್ಕಳ ಪಕ್ಕದ ಉದ್ದನೆಯ ಸ್ನಾಯುವಿನ ನಡುವಿನಿಂದ ಹೊರತರುತ್ತಾರೆ. ಜಿಮ್ ಹುಡುಗರು ‘ಸಿಕ್ಸ್ ಪ್ಯಾಕ್’ ಎಂದು ಕನ್ನಡಿಯಲ್ಲಿ ಹುಡುಕುವುದು ಇದೇ ಸ್ನಾಯುವನ್ನು. ಸ್ಟೋಮಾ ಇರುವಷ್ಟು ಕಾಲವೂ ಅಲ್ಲೊಂದು ಬಾಗಿಲು ತೆರೆದೇ ಇರುತ್ತದೆ. ಒಳಗಿನ ಒತ್ತಡಕ್ಕೆ ಆ ಬಾಗಿಲು ಹಿಗ್ಗಿ, ಕರುಳಿನ ಇನ್ನೊಂದು ಮಡಿಕೆಯೋ ಕೊಬ್ಬೋ ಸ್ಟೋಮಾದ ಪಕ್ಕದಲ್ಲಿ ಉಬ್ಬಿಕೊಂಡರೆ ಅದೇ ಪ್ಯಾರಾಸ್ಟೋಮಲ್ ಹರ್ನಿಯಾ. ಇದು ಅಪರೂಪವೇನಲ್ಲ. ಯುರೋಪಿನ ಹರ್ನಿಯಾ ತಜ್ಞರ ಸಂಘದ ಮಾರ್ಗಸೂಚಿಯ ಅಂದಾಜಿನಂತೆ ಶಾಶ್ವತ ಕೊಲೊಸ್ಟಮಿ ಇರುವವರಲ್ಲಿ ಮೊದಲ ವರ್ಷದಲ್ಲೇ ನೂರಕ್ಕೆ 30ಕ್ಕೂ ಹೆಚ್ಚು ಮಂದಿಗೆ, ಎರಡು ವರ್ಷಕ್ಕೆ 40ರಷ್ಟು, ಇನ್ನೂ ಮುಂದೆ ಹೋದರೆ ಅರ್ಧಕ್ಕರ್ಧ ಮಂದಿಗೆ ಇದು ಕಾಣಿಸಿಕೊಳ್ಳುತ್ತದೆ.

ವೈದ್ಯರ ಎಚ್ಚರಿಕೆಯ ಬೇರು ಇಲ್ಲಿದೆ, ಹಾಗಾಗಿ ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಈ ಅಂಕಿಗಳಲ್ಲಿ ಸೇರಿರುವವರಲ್ಲಿ ಬಹುಪಾಲು ಮಂದಿ ಬಾರ್‌ಬೆಲ್ ಮುಟ್ಟಿದವರೇ ಅಲ್ಲ. ವಯಸ್ಸು, ಬೊಜ್ಜು, ಬೀಡಿ ಸಿಗರೇಟು, ನಿಲ್ಲದ ಕೆಮ್ಮು, ದೀರ್ಘಕಾಲದ ಸ್ಟಿರಾಯ್ಡ್, ಅಪೌಷ್ಟಿಕತೆ, ತೂತಿನ ಅಳತೆ, ಇವೆಲ್ಲ ಹರ್ನಿಯಾಕ್ಕೆ ದಾರಿ ಮಾಡಿಕೊಡುತ್ತವೆ. ಕ್ರಮವಾಗಿ ಹೆಚ್ಚಿಸುತ್ತ ಹೋಗುವ ತೂಕದ ವ್ಯಾಯಾಮ ಈ ಪಟ್ಟಿಯಲ್ಲಿ ಮೊದಲ ಸಾಲಿನಲ್ಲಿದೆ ಎನ್ನಲು ಗಟ್ಟಿ ಪುರಾವೆ ಇಲ್ಲ.

ಅಮೆರಿಕದ ಶಸ್ತ್ರಚಿಕಿತ್ಸಕರ ತಂಡವೊಂದು 2005ರಲ್ಲಿ ಪ್ರಕಟಿಸಿದ ಅಳತೆಗಳು ಈ ವಿಷಯದಲ್ಲಿ ಕಣ್ಣು ತೆರೆಸುವಂತಿವೆ. 20 ಮಂದಿ ಆರೋಗ್ಯವಂತ ಯುವಜನರ ಮೂತ್ರಕೋಶಕ್ಕೆ ನಳಿಕೆ ಹಾಕಿ, ಅವರು ಬೇರೆ ಬೇರೆ ಕೆಲಸ ಮಾಡುವಾಗ ಹೊಟ್ಟೆಯೊಳಗಿನ ಒತ್ತಡವನ್ನು ದಾಖಲಿಸಲಾಯಿತು. ಸುಮ್ಮನೆ ನಿಂತಾಗ ಒತ್ತಡ ಸುಮಾರು 20 ಮಿ.ಮೀ. ಪಾದರಸ. ನಾಲ್ಕೂವರೆ ಕೆ.ಜಿ. ತೂಕ ಎತ್ತಿದಾಗ ಹೆಚ್ಚೆಂದರೆ 40. ಕೆಮ್ಮಿದಾಗ 127ರವರೆಗೆ, ನಿಂತಲ್ಲೇ ನೆಗೆದಾಗ 252ರವರೆಗೆ! ಡಂಬೆಲ್ಲಿಗೆ ಹೆದರುವವರು ಕೆಮ್ಮಿಗೆ ಅದಕ್ಕಿಂತ ಹೆಚ್ಚು ಹೆದರಬೇಕಾಗಿತ್ತು. ಮಲಬದ್ಧತೆಯಿಂದ ತಿಣುಕುವುದು, ಮಲಗಿದ ಕಡೆಯಿಂದ ಧಡಕ್ಕನೆ ನೆಟ್ಟಗೆ ಏಳುವುದು ಕೂಡ ಹೊಟ್ಟೆಯ ಮೇಲೆ ಹೊರೆ ಹಾಕುವ ಕೆಲಸಗಳೇ. ಆಪರೇಷನ್ ಆದವರಿಗೆ ಕೆಮ್ಮುವಾಗ ದಿಂಬು ಒತ್ತಿ ಹಿಡಿಯಿರಿ, ಪಕ್ಕಕ್ಕೆ ಹೊರಳಿ ಕೈಯೂರಿ ಏಳಿ ಎಂದು ನರ್ಸ್‌ಗಳು ಹೇಳುವುದು ಅದಕ್ಕೇ.

ಈ ಲೆಕ್ಕವನ್ನು ಹಿಡಿದು ಎಷ್ಟು ಬೇಕಾದರೂ ಎತ್ತಬಹುದು ಎಂದುಕೊಂಡರೆ ಅದೂ ತಪ್ಪಾಗುತ್ತದೆ. ನುರಿತ ಭಾರ ಎತ್ತುಗಾರರು ಉಸಿರು ಬಿಗಿಹಿಡಿದು ತಮ್ಮ ಗರಿಷ್ಠ ತೂಕ ಎತ್ತುವಾಗ ಒತ್ತಡ 200 ದಾಟುತ್ತದೆ. ಅಂದರೆ ತೂಕದ ಜೊತೆಗೆ ಉಸಿರಿನ ಕ್ರಮವೂ ಲೆಕ್ಕಕ್ಕೆ ಬರುತ್ತದೆ. ಸ್ಟೋಮಾ ಇರುವವರಿಗೆ ತರಬೇತುದಾರರು ಕಲಿಸುವ ಮೊದಲ ಪಾಠ ಇದು: ಭಾರ ಮೇಲೇಳುವಾಗ ಉಸಿರು ಹೊರಗೆ, ಇಳಿಸುವಾಗ ಒಳಗೆ. ಉಸಿರು ಕಟ್ಟಿದರೆ ಮಾತ್ರ ಎತ್ತಲಾಗುತ್ತದೆ ಎಂಬ ತೂಕವನ್ನು ಸದ್ಯಕ್ಕೆ ಎತ್ತಬಾರದು.

ಎರಡನೆಯ ಪಾಠ ಕಾಯುವುದು. ಕೊಯ್ದು ಹೊಲಿದ ಜಾಗಕ್ಕೆ ಮೂರು ವಾರದಲ್ಲಿ ಬರುವುದು ಮೊದಲಿನ ಬಲದ ಐದನೇ ಒಂದು ಪಾಲು ಮಾತ್ರ. ಮೂರು ತಿಂಗಳಿಗೆ ಅದು ಮುಕ್ಕಾಲು ಪಾಲಿನ ಆಸುಪಾಸಿಗೆ ಏರುತ್ತದೆ. ಪೂರ್ತಿ ಮೊದಲಿನಂತೆ ಎಂದೂ ಆಗುವುದಿಲ್ಲ. ಹೊರಗಿನ ಗಾಯ ಒಣಗಿ ಗೆರೆಯಾದರೂ ಒಳಗಿನ ಪದರಗಳ ಕೆಲಸ ನಡೆಯುತ್ತಲೇ ಇರುತ್ತದೆ. ಮೋಸ ಹೋಗುವುದು ಆರನೇ ವಾರದ ಸುಮಾರಿಗೆ, ನೋವು ಹೋಗಿ ಹುರುಪು ಬಂದಾಗ. ಬಹಳಷ್ಟು ಆಸ್ಪತ್ರೆಗಳು ಮೊದಲ ಆರರಿಂದ ಎಂಟು ವಾರ ಎರಡು ಮೂರು ಕೆ.ಜಿ.ಗಿಂತ ಹೆಚ್ಚು ಎತ್ತಬೇಡಿ ಎನ್ನುತ್ತವೆ. ಮೂರು ತಿಂಗಳ ನಂತರ, ಶಸ್ತ್ರಚಿಕಿತ್ಸಕರು ಪರೀಕ್ಷಿಸಿ ಒಪ್ಪಿದ ಮೇಲೆ, ತೂಕದ ವ್ಯಾಯಾಮವನ್ನು ಸೊನ್ನೆಯಿಂದ ಶುರು ಮಾಡಬಹುದು. ಕೀಮೋಥೆರಪಿ ನಡೆಯುತ್ತಿದ್ದರೆ, ಹೊಲಿಗೆ ಬಿಟ್ಟಿದ್ದರೆ, ಸೋಂಕಾಗಿದ್ದರೆ ಈ ಗಡುವು ಮುಂದಕ್ಕೆ ಹೋಗುತ್ತದೆ.

ಹಾಗೆಂದು ಆ ಮೂರು ತಿಂಗಳು ಹಾಸಿಗೆ ಹಿಡಿಯಬೇಕಿಲ್ಲ. ಆಸ್ಪತ್ರೆಯ ವಾರ್ಡಿನಲ್ಲೇ ನಡಿಗೆ ಶುರುವಾಗುತ್ತದೆ. ಮಲಗಿ ಮಂಡಿ ಮಡಿಸಿ ನಿಧಾನವಾಗಿ ಉಸಿರು ಬಿಡುತ್ತ ಹೊಟ್ಟೆಯ ಆಳದ ಸ್ನಾಯುವನ್ನು ಮೆಲ್ಲಗೆ ಒಳಕ್ಕೆಳೆದುಕೊಳ್ಳುವುದು, ಸೊಂಟವನ್ನು ಹಿಂದೆ ಮುಂದೆ ವಾಲಿಸುವುದು, ಮಡಿಸಿದ ಮಂಡಿಗಳನ್ನು ಎಡಕ್ಕೂ ಬಲಕ್ಕೂ ಹೊರಳಿಸುವುದು, ಇವು ನೋಡಿದವರಿಗೆ ವ್ಯಾಯಾಮವೆಂದೇ ಅನಿಸುವುದಿಲ್ಲ. ಮುಂದೆ ಬಾರ್‌ಬೆಲ್ ಹಿಡಿಯುವವರ ಅಡಿಪಾಯ ಇಲ್ಲೇ ಬೀಳುತ್ತದೆ. ಇಂಗ್ಲೆಂಡಿನ ಸಾರಾ ರಸೆಲ್ ಇದನ್ನೇ ತಮ್ಮ ವೃತ್ತಿಯಾಗಿಸಿಕೊಂಡಿದ್ದಾರೆ. ಓಟಗಾರ್ತಿಯಾದ ಅವರು ಸ್ವತಃ ಇಲಿಯೊಸ್ಟಮಿ ಇರುವವರು. ಸ್ಟೋಮಾ ಇರುವವರ ವ್ಯಾಯಾಮವನ್ನೇ ಅಧ್ಯಯನದ ವಿಷಯ ಮಾಡಿಕೊಂಡು, ಪುಸ್ತಕ ಬರೆದು, ತರಗತಿ ನಡೆಸುತ್ತ, ಹೊಟ್ಟೆಯ ಸ್ನಾಯುವನ್ನು ಸುಮ್ಮನೆ ಬಿಡುವುದಕ್ಕಿಂತ ಮೆಲ್ಲಗೆ ದುಡಿಸುವುದು ಮೇಲು ಎಂದು ನರ್ಸ್‌ಗಳಿಗೂ ರೋಗಿಗಳಿಗೂ ಹೇಳುತ್ತ ಬಂದಿದ್ದಾರೆ.

ಇನ್ನೂ ಹಿಂದಿನ, ಇನ್ನೂ ನಾಟಕೀಯವಾದ ಉದಾಹರಣೆ ಅಮೆರಿಕದ ರೋಲ್ಫ್ ಬೆನಿರ್ಶ್ಕೆ ಅವರದು. ಸ್ಯಾನ್ ಡಿಯಾಗೋ ಚಾರ್ಜರ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಚೆಂಡನ್ನು ಗೋಲಿಗೆ ಒದೆಯುವ ಕಿಕ್ಕರ್ ಆಗಿದ್ದವರು. 1979ರ ಋತುವಿನ ನಾಲ್ಕು ಪಂದ್ಯ ಮುಗಿಯುವಷ್ಟರಲ್ಲಿ ಕರುಳಿನ ಉರಿಯೂತ ಅವರನ್ನು ತಿಂದುಹಾಕಿತ್ತು. ತಂಡದೊಂದಿಗೆ ಮರಳುವಾಗ ವಿಮಾನದಲ್ಲೇ ಕುಸಿದರು. ಬೆನ್ನು ಬೆನ್ನಿಗೆ ಶಸ್ತ್ರಚಿಕಿತ್ಸೆಗಳಾದವು, ಹೊಟ್ಟೆಗೆ ಬ್ಯಾಗ್ ಬಂತು, ಮೈ ಇಳಿದು 60 ಕೆ.ಜಿ.ಗೂ ಕೆಳಗೆ ಹೋಯಿತು. ಅದೇ ನವೆಂಬರಿನಲ್ಲಿ ತಂಡ ಅವರನ್ನು ಗೌರವ ನಾಯಕನಾಗಿ ಮೈದಾನಕ್ಕೆ ಕರೆಸಿಕೊಂಡಾಗ, ದೈತ್ಯದೇಹಿ ಸಹ ಆಟಗಾರ ಲೂಯಿ ಕೆಲ್ಚರ್ ಕೈ ಹಿಡಿದು ನಡೆಸಬೇಕಾಯಿತು. 1980ರ ಋತುವಿಗೆ ಬೆನಿರ್ಶ್ಕೆ ಬ್ಯಾಗ್ ಸಮೇತ ಆಟಕ್ಕೆ ಮರಳಿದರು. 1982ರ ಜನವರಿ 2ರಂದು ಮಯಾಮಿ ವಿರುದ್ಧದ ಪ್ಲೇ ಆಫ್ ಪಂದ್ಯ ಹೆಚ್ಚುವರಿ ಸಮಯಕ್ಕೆ ಹೋದಾಗ 41–38ರ ಗೆಲುವು ತಂದ ಒದೆತ ಅವರದೇ. ನಿವೃತ್ತಿಯಾದದ್ದು 1986ರ ಋತುವಿನ ನಂತರ.

ಮೊದಲ ಬಾರಿಗೆ ಪಿಜಿಎ ಟೂರ್ ಪಂದ್ಯದಲ್ಲಿ 59 ಹೊಡೆತಗಳಲ್ಲಿ ಒಂದು ಸುತ್ತು ಮುಗಿಸಿದ ಗಾಲ್ಫ್ ಆಟಗಾರ ಆಲ್ ಗೈಬರ್ಗರ್ ಅವರಿಗೂ 1980ರಲ್ಲಿ ದೊಡ್ಡ ಕರುಳು ತೆಗೆಸಬೇಕಾಯಿತು. ಇಡೀ ನಡುವನ್ನು ತಿರುಚುವ ಆ ಆಟಕ್ಕೆ ಅವರೂ ಮರಳಿ, ಹಿರಿಯರ ಟೂರ್‌ನಲ್ಲಿ ಹತ್ತು ಪ್ರಶಸ್ತಿ ಗೆದ್ದರು.

ಇವರೆಲ್ಲ ಮೈದಾನಕ್ಕಿಳಿಯಲು ಬ್ಯಾಗ್ ಕಳಚದೆ ನಿಲ್ಲಬೇಕಿತ್ತು. ಅದಕ್ಕೆ ಇಬ್ಬರಿಗೆ ಋಣಿಯಾಗಿರಬೇಕು. 1952ರಲ್ಲಿ ಬ್ರಿಟಿಷ್ ಸರ್ಜನ್ ಬ್ರಯನ್ ಬ್ರೂಕ್, ಹೊರತಂದ ಕರುಳಿನ ತುದಿಯನ್ನು ಅಂಗಿಯ ತೋಳಿನಂತೆ ಮೇಲಕ್ಕೆ ಮಡಚಿ ಹೊಲಿಯುವ ಕ್ರಮವನ್ನು ಪ್ರಕಟಿಸಿದರು. ದ್ರವ ಚರ್ಮಕ್ಕೆ ತಾಗದೆ ನೇರ ಬ್ಯಾಗಿಗೆ ಬೀಳತೊಡಗಿತು. 1954ರಲ್ಲಿ ಡೆನ್ಮಾರ್ಕಿನ ನರ್ಸ್ ಎಲಿಸೆ ಸೊರೆನ್ಸೆನ್, ಶಸ್ತ್ರಚಿಕಿತ್ಸೆಯ ನಂತರ ಮನೆಯಿಂದ ಹೊರಬೀಳಲು ಅಂಜುತ್ತಿದ್ದ ತಂಗಿಗಾಗಿ ಅಂಟಿಸಿ ಎಸೆಯಬಹುದಾದ ಬ್ಯಾಗಿನ ಕಲ್ಪನೆ ಮಾಡಿದರು.

ಜಿಮ್ಮಿನೊಳಗೆ ಬಂದರೆ ಸಮಸ್ಯೆಗಳು ತೀರಾ ಸಣ್ಣವು, ಆದರೆ ಯಾರೂ ಮೊದಲೇ ಹೇಳಿರದಂಥವು. ಡೆಡ್‌ಲಿಫ್ಟ್‌ನಲ್ಲಿ ಬಾರ್ ತೊಡೆಗೆ ಒರಗಿಕೊಂಡೇ ಮೇಲೇಳುತ್ತದೆ, ಬ್ಯಾಗಿನ ಕೆಳತುದಿ ಅದಕ್ಕೆ ಸಿಕ್ಕಿಕೊಳ್ಳಬಹುದು. ಬದಿಯಲ್ಲಿ ಹಿಡಿಯುವ ಡಂಬೆಲ್ ಅಥವಾ ಟ್ರ್ಯಾಪ್ ಬಾರ್ ಬಳಸಿದರೆ ಆ ಕಾಟವಿಲ್ಲ. ಲೆಗ್ ಪ್ರೆಸ್‌ನಲ್ಲಿ ಮಂಡಿಯನ್ನು ತೀರಾ ಎದೆಯತ್ತ ತಂದರೆ ತೊಡೆ ಬ್ಯಾಗನ್ನು ಒತ್ತುತ್ತದೆ. ಸೊಂಟದ ಮೇಲೆ ಬಾರ್ ಇಟ್ಟು ಮಾಡುವ ಹಿಪ್ ಥ್ರಸ್ಟ್, ನೆಲದಿಂದ ಹೆಗಲಿಗೆ ಬಾರ್ ಚಿಮ್ಮಿಸುವ ಕ್ಲೀನ್, ಇವೆರಡರಲ್ಲಿ ಸ್ಟೋಮಾಕ್ಕೇ ಪೆಟ್ಟು ಬೀಳುವ ಅಪಾಯವಿದೆ. ಭಾರ ಎತ್ತುವವರ ಅಗಲ ಚರ್ಮದ ಬೆಲ್ಟ್ ಸ್ಟೋಮಾದ ಮೇಲೆಯೇ ಕೂತು ಅಮುಕುತ್ತದೆ. ಸ್ಟೋಮಾ ಇರುವವರಿಗೆಂದೇ ಸಿಗುವ ಆಧಾರದ ಪಟ್ಟಿಯನ್ನು ಅಳತೆ ನೋಡಿ ಕೊಳ್ಳಬೇಕು. ಅದು ಹಾಯೆನಿಸಬಹುದು, ಹರ್ನಿಯಾ ಬಾರದಂತೆ ಖಾತ್ರಿ ಕೊಡುವುದಿಲ್ಲ. ಬೆಂಚ್ ಪ್ರೆಸ್, ಕೂತು ಎಳೆಯುವ ರೋ, ಕುರ್ಚಿಯಿಂದ ಎದ್ದು ಕೂರುವಂಥ ಸ್ಕ್ವಾಟ್, ಹಗುರ ಡಂಬೆಲ್ಲಿನ ತೋಳಿನ ವ್ಯಾಯಾಮ, ಇವು ಆರಂಭಕ್ಕೆ ಒಳ್ಳೆಯವು. ಅಂಗಾತ ಮಲಗಿ ಗಕ್ಕನೆ ಎದ್ದು ಕೂರುವ ಸಿಟ್ ಅಪ್ ಮಾತ್ರ ಆರಂಭದಲ್ಲಿ ಬೇಡವೇ ಬೇಡ. ಹೊಟ್ಟೆ ಕರಗಿಸಲು ಅದೇ ಮದ್ದು ಎಂದು ಸ್ಥಳೀಯ ಟ್ರೇನರ್ ಹಟ ಹಿಡಿದರೆ ಟ್ರೇನರನ್ನೇ ಬದಲಿಸುವುದು ಒಳ್ಳೆಯದು.

ಎಷ್ಟರಿಂದ ಶುರು? ಸಲೀಸಾಗಿ ಹನ್ನೆರಡು ಹದಿನೈದು ಸಲ ಎತ್ತಲು ಬರುವ ತೂಕದಿಂದ. ಹಳೆಯ ದಾಖಲೆ ಪುಸ್ತಕ ಕೈಯಲ್ಲಿ ಹಿಡಿದು ಜಿಮ್ಮಿಗೆ ಹೋಗುವವರಿಗೆ ಇದೇ ಅತಿ ಕಷ್ಟದ ಭಾಗ. ಎತ್ತುವಾಗ ಸ್ಟೋಮಾದ ಸುತ್ತ ಕೈಯಿಟ್ಟು ನೋಡಿದರೆ, ಅಥವಾ ಕನ್ನಡಿಯ ಮುಂದೆ ನಿಂತರೆ, ಅಲ್ಲಿ ಉಬ್ಬು ಮೂಡುತ್ತಿದೆಯೇ ಎಂಬುದು ಗೊತ್ತಾಗುತ್ತದೆ. ಉಬ್ಬು ಬಂದರೆ, ಎಳೆತ ಅನಿಸಿದರೆ ಆ ತೂಕ ಆ ದಿನಕ್ಕೆ ಹೆಚ್ಚಾಯಿತು.

ಬ್ಯಾಗಿನ ಚಿಂತೆ ಅಭ್ಯಾಸದಿಂದ ಇಳಿಯುತ್ತದೆ. ಜಿಮ್ಮಿಗೆ ಹೋಗುವ ಮುನ್ನ ಖಾಲಿ ಮಾಡುವುದು, ಸೊಂಟಕ್ಕಿಂತ ಮೇಲೆ ಬರುವ ಬಿಗಿ ಉಡುಪಿನೊಳಗೆ ಬ್ಯಾಗನ್ನು ಸೇರಿಸುವುದು, ಒಂದು ಬದಲಿ ಬ್ಯಾಗ್ ಜೊತೆಗಿಟ್ಟುಕೊಳ್ಳುವುದು. ಬೆವರಿಗೆ ಅಂಟು ಬೇಗ ಸಡಿಲವಾಗುತ್ತದೆ; ಮಂಗಳೂರಿನ ಸೆಕೆಯಲ್ಲಿ, ರಾಯಚೂರಿನ ಬಿಸಿಲಲ್ಲಿ ಬ್ಯಾಗ್ ಬದಲಿಸುವ ಅಂತರ ಕಡಿಮೆಯಾಗುವುದು ಸಹಜ. ಒಂದೊಂದು ಬ್ಯಾಗಿಗೂ ನೂರಾರು ರೂಪಾಯಿ ಬೀಳುವಾಗ ಇದು ಸಣ್ಣ ಮಾತಲ್ಲ. ಎಷ್ಟೋ ಮಂದಿ ಜಿಮ್ ಬಿಡುವುದಕ್ಕೆ ಹರ್ನಿಯಾದ ಭಯಕ್ಕಿಂತ ಈ ಖರ್ಚೂ, ಎಲ್ಲರೆದುರು ಸೋರಿಬಿಟ್ಟರೆ ಎಂಬ ನಾಚಿಕೆಯೂ ದೊಡ್ಡ ಕಾರಣವಾದರೆ ಆಶ್ಚರ್ಯವಿಲ್ಲ.

ಇಲಿಯೊಸ್ಟಮಿ ಇರುವವರಿಗೆ ಇನ್ನೊಂದು ಲೆಕ್ಕವಿದೆ, ನೀರು ಮತ್ತು ಉಪ್ಪಿನದು. ನೀರನ್ನೂ ಸೋಡಿಯಂ ಅನ್ನೂ ಹೀರಿ ಉಳಿಸುತ್ತಿದ್ದ ದೊಡ್ಡ ಕರುಳು ಕೆಲಸದಲ್ಲಿ ಇಲ್ಲ. ದಿನಕ್ಕೆ ಅರ್ಧ ಲೀಟರಿಗೂ ಮೇಲ್ಪಟ್ಟು ದ್ರವ ಉಪ್ಪಿನೊಂದಿಗೆ ಬ್ಯಾಗಿಗೆ ಹೋಗುತ್ತದೆ. ಅದರ ಮೇಲೆ ಬೆವರು ಸುರಿಸಿ, ಬಾಯಾರಿತೆಂದು ಬರೀ ನೀರನ್ನು ಗಟಗಟ ಕುಡಿದರೆ ಬ್ಯಾಗ್ ತುಂಬುತ್ತದೆ, ದಾಹ ಹೋಗುವುದಿಲ್ಲ. ತಲೆಸುತ್ತು, ಮೀನಖಂಡದ ಸೆಳೆತ ಶುರುವಾಗುತ್ತವೆ. ಔಷಧಿ ಅಂಗಡಿಯ ಓಆರ್‌ಎಸ್ ಪುಡಿಯನ್ನು ಹೇಳಿದಷ್ಟೇ ನೀರಿನಲ್ಲಿ ಕಲಸಿ ಗುಟುಕು ಗುಟುಕಾಗಿ ಕುಡಿಯುವುದು ದುಬಾರಿ ಎನರ್ಜಿ ಡ್ರಿಂಕ್‌ಗಿಂತ ಎಷ್ಟೋ ಮೇಲು. ಕಿಡ್ನಿ, ಹೃದಯ, ರಕ್ತದೊತ್ತಡದ ತೊಂದರೆ ಇರುವವರು ಉಪ್ಪಿನ ಬಗ್ಗೆ ವೈದ್ಯರನ್ನು ಕೇಳಬೇಕು.

ಸ್ನಾಯು ಕಟ್ಟಲು ಪ್ರೋಟೀನ್ ಬೇಕು: ಮೊಟ್ಟೆ, ಮೊಸರು, ಮೀನು, ಚೆನ್ನಾಗಿ ಬೆಂದ ತೊಗರಿ ಬೇಳೆ, ಪನೀರ್. ಜಿಮ್ಮಿನವರು ಮುಷ್ಟಿಗಟ್ಟಲೆ ತಿನ್ನುವ ಕಡಲೆಬೀಜ, ಮೊಳಕೆ ಕಾಳು, ಕೊಬ್ಬರಿ, ಅಣಬೆ ಮಾತ್ರ ಇಲಿಯೊಸ್ಟಮಿಯ ಕಿರಿದಾದ ದಾರಿಯಲ್ಲಿ ಸಿಕ್ಕಿಹಾಕಿಕೊಳ್ಳಬಹುದು. ಮೊದಲ ಕೆಲವು ವಾರ ಅವನ್ನು ಬಿಟ್ಟು, ಆಮೇಲೆ ಸ್ವಲ್ಪ ಸ್ವಲ್ಪವಾಗಿ, ನುಣ್ಣಗೆ ಅಗಿದು ತಿಂದು ನೋಡಬೇಕು.

ಇಷ್ಟೆಲ್ಲ ಜಾಗ್ರತೆಯ ನಡುವೆಯೂ ಹರ್ನಿಯಾ ಬರಬಹುದು. ಬಂದ ಮಾತ್ರಕ್ಕೆ ಎತ್ತುವುದನ್ನೇ ಬಿಡಬೇಕೆಂದಿಲ್ಲ. ಸಣ್ಣ ಹರ್ನಿಯಾ ಇಟ್ಟುಕೊಂಡೇ, ಹಗುರ ತೂಕ ಮತ್ತು ಆಧಾರ ಪಟ್ಟಿಯೊಂದಿಗೆ ವರ್ಷಗಟ್ಟಲೆ ವ್ಯಾಯಾಮ ಮಾಡುವವರಿದ್ದಾರೆ. ರಿಪೇರಿ ಮಾಡಿಸಿದರೂ ಮರುಕಳಿಸುವ ಸಂಭವ ಹೆಚ್ಚಿರುವುದರಿಂದ ಸರ್ಜನ್ನರು ಎಲ್ಲರಿಗೂ ಆಪರೇಷನ್ ಸೂಚಿಸುವುದಿಲ್ಲ. ಮುಂಬೈಯಲ್ಲಿ 1975ರಲ್ಲಿ ಶುರುವಾದ ಆಸ್ಟಮಿ ಅಸೋಸಿಯೇಷನ್ ಆಫ್ ಇಂಡಿಯಾದಂಥ ಸಂಘಗಳಲ್ಲಿ ಸಿಗುವ, ಹತ್ತಾರು ವರ್ಷ ಬ್ಯಾಗಿನೊಂದಿಗೆ ಬಾಳಿದವರ ಅನುಭವ ಇಂಥ ತೀರ್ಮಾನಗಳಲ್ಲಿ ಉಪಯೋಗಕ್ಕೆ ಬರುತ್ತದೆ. ಒಂದು ಸಂದರ್ಭದಲ್ಲಿ ಮಾತ್ರ ಯಾರ ಸಲಹೆಗೂ ಕಾಯಬಾರದು: ಉಬ್ಬು ಗಟ್ಟಿಯಾಗಿ ಒಳಗೆ ಹೋಗದೆ ನೋವು ಏರುತ್ತಿದ್ದರೆ, ಬ್ಯಾಗಿಗೆ ಏನೂ ಬರುವುದು ನಿಂತು ವಾಂತಿ ಶುರುವಾದರೆ, ಕೆಂಪಗಿದ್ದ ಸ್ಟೋಮಾ ನೇರಳೆ ಅಥವಾ ಕಪ್ಪು ಬಣ್ಣಕ್ಕೆ ತಿರುಗಿದರೆ, ಜಿಮ್ಮಿನಿಂದ ನೇರ ತುರ್ತು ಚಿಕಿತ್ಸಾ ಘಟಕಕ್ಕೆ ಹೋಗಬೇಕು.