‘ಬಾಟ್’ ಅಂದರೆ ಬೈಗುಳವೇ?

ಕಳೆದ ಮೇ ತಿಂಗಳ ಒಂದು ರಾತ್ರಿ. ಡೊಂಬಿವಲಿಯ ನಮ್ಮ ಒನ್ ಬಿಎಚ್‌ಕೆಯಲ್ಲಿ ಊಟ ಮುಗಿಸಿ ಮಲಗಲು ಹೊರಟಿದ್ದೆ. ಹಾಲ್‌ನಲ್ಲಿ ಹತ್ತನೇ ತರಗತಿಯ ಮಗ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂಗುತ್ತಿದ್ದ: “ಅರೇ, ಬಾಟ್ ಹೈ ಕ್ಯಾ ತೂ? ಪೀಛೇ ಬೋಲಾ ನಾ!”

ಬೈಸಿಕೊಂಡವನು ಯಾರೆಂದು ಗೊತ್ತಾದದ್ದು ಮೂರು ದಿನಗಳ ನಂತರ, ಕುಂದಾಪುರದಿಂದ ತಂಗಿಯ ಫೋನ್ ಬಂದಾಗ. “ಅಣ್ಣ, ಇವ ಮೂರ್ ದಿನ್ದಿಂದ ಮೊಬೈಲ್ ಮುಟ್ಲಿಲ್ಲ. ಮೊದ್ಲ್ ಖುಷಿ ಆಯ್ತ್. ಈಗ ಹೆದ್ರಿಕೆ ಆತ್ತ್. ನಿನ್ ಮಗನ್ ಹತ್ರ ಕೇಣ್ ಕಾಂಬ.”

ಆಟದ ಹೆಸರು ಬಿಜಿಎಂಐ. 2020ರ ಸೆಪ್ಟೆಂಬರಿನಲ್ಲಿ ಸರಕಾರ ಪಬ್‌ಜಿ ಮೊಬೈಲನ್ನು ನಿಷೇಧಿಸಿದ ಮೇಲೆ, 2021ರ ಜುಲೈಯಲ್ಲಿ ಅದರ ಭಾರತೀಯ ರೂಪವಾಗಿ ಬಂದದ್ದು. 2022ರಲ್ಲಿ ಇದೂ ಆ್ಯಪ್ ಅಂಗಡಿಗಳಿಂದ ಮರೆಯಾಗಿ 2023ರ ಮೇಯಲ್ಲಿ ಮರಳಿತು. ನಾಲ್ವರ ತಂಡ. ನಮ್ಮ ಮಗ, ಥಾಣೆಯ ಒಬ್ಬ, ಐರೋಲಿಯ ಒಬ್ಬ, ಮತ್ತು ಕುಂದಾಪುರದ ನನ್ನ ಸೋದರಳಿಯ.

ಮಗನನ್ನು ಕೂರಿಸಿಕೊಂಡು ಈ ಭಾಷೆಯ ಪಾಠ ಹೇಳಿಸಿಕೊಂಡೆ. ‘ನಾಕ್’ ಎಂದರೆ ಬಿದ್ದಿದ್ದಾನೆ, ಸತ್ತಿಲ್ಲ. ಜತೆಗಾರ ಬಂದು ಎಬ್ಬಿಸಬಹುದು. ‘ರಶ್’ ಎಂದರೆ ಎಲ್ಲರೂ ಒಟ್ಟಿಗೆ ನುಗ್ಗುವುದು. ‘ಕ್ಯಾಂಪರ್’ ಒಂದೇ ಕಡೆ ಅಡಗಿ ಕೂತು ಬೇಟೆಗೆ ಕಾಯುವವನು. ‘ಜಿಜಿ’ ಎಂದರೆ ಗುಡ್ ಗೇಮ್, ಆಟ ಮುಗಿದಾಗ ಎದುರಾಳಿಗೆ ಕೈಕುಲುಕಿದ ಹಾಗೆ. ಇವೆಲ್ಲ ಕೆಲಸದ ಮಾತುಗಳು. ಚಹಾದಂಗಡಿಯಲ್ಲಿ ‘ದೋ ಕಟಿಂಗ್’ ಅಂದರೆ ಸಾಕಲ್ಲ, ಹಾಗೆ. ಗುಂಡು ಬರುತ್ತಿರುವಾಗ ಪೂರ್ತಿ ವಾಕ್ಯ ಹೇಳಲು ಪುರುಸೊತ್ತೆಲ್ಲಿ?

ಕೆಟ್ಟದ್ದು ಶುರುವಾಗುವುದು ಆಮೇಲೆ. ‘ಬಾಟ್’ ಎಂದರೆ ಕಂಪ್ಯೂಟರೇ ಆಡಿಸುವ ಗೊಂಬೆ. ಆಟಗಾರರು ಕಡಿಮೆ ಬಿದ್ದಾಗ ಜಾಗ ತುಂಬಲು ಅವನ್ನು ಬಿಡುತ್ತಾರೆ. ಈಗ ಗುರಿ ತಪ್ಪಿದ ಮನುಷ್ಯನಿಗೂ ಅದೇ ಹೆಸರು. ಚೆನ್ನಾಗಿ ಹೊಡೆದವನು ‘ಹ್ಯಾಕರ್’. ‘ಜಿಜಿ’ಯನ್ನು ಆಟ ಮುಗಿಯುವ ಮೊದಲೇ ಅಣಕಿಸಲು ಹೇಳುತ್ತಾರೆ, ಗೆದ್ದ ಮೇಲೆ ‘ಈಝಿ’ ಎಂದು ಬಾಲ ಸೇರಿಸಿ ಉಪ್ಪು ಸವರುತ್ತಾರೆ. 2016ರಲ್ಲಿ ಬಂದ ಓವರ್‌ವಾಚ್ ಎಂಬ ಆಟದಲ್ಲಿ ಈ ಚಟ ಎಷ್ಟು ಬೆಳೆಯಿತೆಂದರೆ, ಯಾರಾದರೂ ‘ಜಿಜಿ ಈಝಿ’ ಎಂದು ಟೈಪ್ ಮಾಡಿದರೆ ಆಟವೇ ಅದನ್ನು ಅಳಿಸಿ, ಬರೆದವನೇ ನಗೆಪಾಟಲಾಗುವ ಬೇರೊಂದು ಸಾಲು ಹಾಕುವಂತೆ ಕಂಪನಿಯವರು ಮಾಡಿದರು.

‘ಸ್ಮರ್ಫ್’ ಕಥೆಯೂ ಹೀಗೆಯೇ. 1990ರ ದಶಕದ ನಡುವೆ ವಾರ್‌ಕ್ರಾಫ್ಟ್ 2 ಆಟದಲ್ಲಿ ಇಬ್ಬರು ನಿಪುಣರ ಹೆಸರು ಕಂಡರೇ ಎದುರಾಳಿಗಳು ಓಡಿಹೋಗುತ್ತಿದ್ದರಂತೆ. ಅದಕ್ಕೇ ನೀಲಿ ಬಣ್ಣದ ಕಾರ್ಟೂನ್ ಪಾತ್ರಗಳಾದ ಸ್ಮರ್ಫ್‌ಗಳ ಹೆಸರಿಟ್ಟುಕೊಂಡು ಆಡಿದರು. ಇಂದು ಆ ಪದ ಹೊಸ ಖಾತೆ ತೆರೆದು, ಕಲಿಯುವ ಮಕ್ಕಳ ನಡುವೆ ನುಗ್ಗಿ ಬಾರಿಸುವ ಪಳಗಿದವರಿಗೆ ಅಂಟಿದೆ.

ನಮ್ಮ ಕಾಲದಲ್ಲೂ ಆಟದ ಭಾಷೆ ಇತ್ತು. ಲಗೋರಿಗೆ ಚಿಕ್ಕ ತಮ್ಮ ಬಂದರೆ ‘ಇವ ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಎನ್ನುತ್ತಿದ್ದೆವು. ಇಲ್ಲಿ ನಮ್ಮ ಸೊಸೈಟಿಯ ಮರಾಠಿ ಮಕ್ಕಳಲ್ಲಿ ಅದಕ್ಕೆ ‘ಲಿಂಬೂ-ಟಿಂಬೂ’ ಎನ್ನುತ್ತಾರೆ. ಅವನು ಔಟಾದರೂ ಔಟಲ್ಲ. ಕಲಿಯುವ ತನಕ ರಿಯಾಯಿತಿ. ಆ ಪದ ಬಾರದವನನ್ನು ಆಟದೊಳಗೆ ಇಟ್ಟುಕೊಳ್ಳಲು ಹುಟ್ಟಿದ್ದು. ‘ಬಾಟ್’ ಅವನನ್ನು ಮನುಷ್ಯರ ಸಾಲಿನಿಂದಲೇ ಹೊರಗೆ ಹಾಕುತ್ತದೆ.

“ಅಪ್ಪ, ಅದು ಬೈಗುಳ ಅಲ್ಲ, ಎಲ್ಲರೂ ಹೇಳ್ತಾರೆ” ಎಂದ ಮಗ.

“ಅವ ಮಾಡಿದ ತಪ್ಪೇನು?”

“ಹಿಂದೆ ಎನಿಮಿ ಇದ್ದಾನೆ ಅಂತ ಕೂಗಿದೆ. ತಿರುಗಲೇ ಇಲ್ಲ. ನಾಲ್ವರೂ ಸತ್ತೆವು.”

“ನೀನು ಕೂಗಿದ್ದು ಹಿಂದಿಯಲ್ಲಿ. ಅವನಿಗೆ ‘ಪೀಛೇ’ ಅಂದರೆ ತಕ್ಷಣ ತಲೆಗೆ ಹೋಗುತ್ತದಾ?”

ಮಗ ಸುಮ್ಮನಾದ. ಅಳಿಯನಿಗೆ ಹಿಂದಿ ಬಾರದೆಂದಲ್ಲ. ಶಾಲೆಯ ಹಿಂದಿ, ಮನಸ್ಸಿನಲ್ಲೇ ಕನ್ನಡಕ್ಕೆ ತಿರುಗಿಸಿಕೊಳ್ಳಬೇಕು. ಅಷ್ಟರಲ್ಲಿ ಗುಂಡು ಬಿದ್ದಿರುತ್ತದೆ. ಅವನ ಉಚ್ಚಾರವನ್ನು ಉಳಿದವರು ಅಣಕಿಸುತ್ತಿದ್ದರೆಂದೂ, ಅದಕ್ಕೇ ಅವನು ಮೈಕ್ ಬಂದ್ ಮಾಡಿಟ್ಟಿದ್ದನೆಂದೂ ಆಗ ಹೊರಬಿತ್ತು.

ನನಗೆ ನನ್ನದೇ ನೆನಪಾಯಿತು. 1996ರಲ್ಲಿ ಊರಿಂದ ಬಂದು ಥಾಣೆಯ ಒಂದು ಆಫೀಸು ಸೇರಿದಾಗ, ಮೊದಲ ವಾರವೇ ‘ಮೇರಾ ಅಮ್ಮಾ ಆಯಾ ಹೈ’ ಎಂದುಬಿಟ್ಟೆ. ಒಂದು ವರ್ಷ ನಾನು ಅಲ್ಲಿ ‘ಮದ್ರಾಸಿ’. ಚಹಾದ ಹೊತ್ತಿನಲ್ಲಿ ಬಾಯಿ ಬಿಡುತ್ತಿರಲಿಲ್ಲ. ನನ್ನ ಮೈಕೂ ಬಂದ್ ಆಗಿತ್ತು. ಇದನ್ನು ಮಗನಿಗೆ ಮೊದಲ ಸಲ ಹೇಳಿದೆ. ಅವನು ನಗಲಿಲ್ಲ.

ಮರುದಿನ ಅವನೇ ಕುಂದಾಪುರಕ್ಕೆ ಫೋನ್ ಮಾಡಿದ. ಏನು ಮಾತಾಡಿಕೊಂಡರೋ ನಾನು ಕೇಳಲು ಹೋಗಲಿಲ್ಲ. ಈಗ ತಂಡದಲ್ಲಿ ಒಂದು ಒಪ್ಪಂದವಾಗಿದೆ: ಹಿಂದೆ, ಎಡಕ್ಕೆ, ಬಲಕ್ಕೆ ಇವಿಷ್ಟು ಕನ್ನಡದಲ್ಲಿ. ಐರೋಲಿಯ ಮರಾಠಿ ಹುಡುಗನೂ ‘ಹಿಂದ್ ಕಾಣ್!’ ಎಂದು ಕೂಗುತ್ತಾನಂತೆ. ‘ಬಾಟ್’ ಪೂರ್ತಿ ನಿಂತಿಲ್ಲ. ಮೊನ್ನೆ ಅಳಿಯನೇ ನಮ್ಮ ಮಗನಿಗೆ ಹಾಗೆಂದನೆಂದು ವರದಿ. ಆದರೆ ಅವನ ಮೈಕ್ ಆನ್ ಇತ್ತು.

ನಿಮ್ಮ ಮನೆಯ ಹಾಲ್‌ನಲ್ಲೂ ಒಂದು ಹೆಡ್‌ಫೋನ್ ಕೂಗುತ್ತಿರಬಹುದು. ಕಸಿದುಕೊಳ್ಳುವ ಮೊದಲು ಒಮ್ಮೆ ಕೇಳಿ: ಆ ಪದದ ಅರ್ಥವೇನು, ಮತ್ತು ಆ ಕಡೆ ಕಿವಿಯಲ್ಲಿ ಅದನ್ನು ಕೇಳಿಸಿಕೊಳ್ಳುತ್ತಿರುವವರು ಯಾರು?